ಏಳು ಬಾವಿಗಳ ನಾಲಿಗೆ

ಆ ಊರಿನಲ್ಲಿ ಬೆಳಗಾದರೆ ಯಾರೂ ಯಾರನ್ನೂ ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ. ಗೀಟು ಬಿತ್ತಾ ಎಂದು ಕೇಳುತ್ತಾರೆ. ಏಳು ಬಾವಿಗಳ ಏಳು ಕಬ್ಬಿಣದ ಮುಚ್ಚಳಗಳ ಮೇಲೆ ಸೀಮೆಸುಣ್ಣದ ಬಿಳಿ ಗೀಟು ಬೀಳುವ ತನಕ ಒಂದು ಹನಿ ನೀರು ಯಾರ ಮನೆಗೂ ಹೋಗುವಂತಿಲ್ಲ. ಮಗು ಅತ್ತರೂ ಇಲ್ಲ, ಮುದುಕರಿಗೆ ಬಿಕ್ಕಳಿಕೆ ಹತ್ತಿದರೂ ಇಲ್ಲ. ಕೊಡ ಹಿಡಿದು ಸಾಲಿನಲ್ಲಿ ನಿಲ್ಲಬೇಕು, ನಾಲಿಗೆಯಮ್ಮ ಬರಬೇಕು.

ನಾಲಿಗೆಯಮ್ಮ ಬರುತ್ತಿದ್ದಳು. ಐವತ್ತೆಂಟರ ಹೆಂಗಸು, ಕುಳ್ಳಗೆ, ಒಂದು ಭುಜ ಸ್ವಲ್ಪ ಕೆಳಗೆ. ಕೈಯಲ್ಲಿ ಉದ್ದ ಹಿಡಿಯ ಸೌಟು, ಕಂಕುಳಲ್ಲಿ ಉಗಿಯುವ ಬೋಗುಣಿ, ಸೆರಗಿನ ಗಂಟಿನಲ್ಲಿ ಸೀಮೆಸುಣ್ಣ. ಮುಚ್ಚಳ ಸರಿಸಿ, ಒಂದು ಸೌಟು ನೀರು ಎತ್ತಿ, ಬಾಯಿಗೆ ಹಾಕಿಕೊಂಡು ಮೂವತ್ತು ಎಣಿಸುತ್ತಿದ್ದಳು. ನಾಲಿಗೆಯ ಕೆಳಗೆ ಹತ್ತು, ನಾಲಿಗೆಯ ಮೇಲೆ ಹತ್ತು, ಗಂಟಲ ಬಾಗಿಲಲ್ಲಿ ಹತ್ತು. ಆಮೇಲೆ ಉಗಿದು, ನೂರು ಎಣಿಸಿ, ಎಡಗೈ ಕಿರುಬೆರಳನ್ನು ತಾನೇ ಚಿವುಟಿಕೊಳ್ಳುತ್ತಿದ್ದಳು. ನೋವಾಯಿತೋ, ಸರಿ. ಗೀಟು. ಸಾಲಿನಲ್ಲಿದ್ದವರು ಅಷ್ಟು ಹೊತ್ತು ಅವಳ ಮುಖವನ್ನೇ ನೋಡುತ್ತ ನಿಂತಿರುತ್ತಿದ್ದರು. ಹುಬ್ಬು ಅಲ್ಲಾಡಿದರೂ ಸಾಕು, ಕೊಡಗಳು ನಡುಗುತ್ತಿದ್ದವು. ಒಮ್ಮೆ ಮೂಗಿಗೆ ಏನೋ ಹೋಗಿ ಅವಳು ಸೀನಿದಳು ಅಷ್ಟೇ; ಮೂರನೆಯ ಬಾವಿಯ ಮುಂದೆ ಹೆಂಗಸೊಬ್ಬಳು ಎಚ್ಚರ ತಪ್ಪಿ ಬಿದ್ದಳು.

ಅವಳಿಗೆ ಭಯವಿರಲಿಲ್ಲವೇ? ಇರದೆ ಏನು! ನಲವತ್ತಾರು ವರ್ಷದಿಂದ ಪ್ರತಿ ಬೆಳಗ್ಗೆ ಏಳು ಸಲ ಎದೆಯಲ್ಲಿ ಅವಲಕ್ಕಿ ಕುಟ್ಟಿಸಿಕೊಂಡವಳು ಅವಳು. ಆದರೆ ಭಯ ಬಿದ್ದವಳ ಮುಖದಲ್ಲಿ ಅದು ಕಂಡರೆ ಊರು ಉಳಿಯುತ್ತದೆಯೇ? ಅದಕ್ಕೇ ಮುಖವನ್ನು ಗೋಡೆಯ ಹಾಗೆ ಇಟ್ಟುಕೊಳ್ಳುವುದನ್ನು ಕಲಿತಿದ್ದಳು.

ಅವಳು ಹುಟ್ಟಿದ್ದು ಹಡಗಿನಲ್ಲಿ, ಅಂದರೆ ನಕ್ಷತ್ರಗಳ ನಡುವೆ ಹನ್ನೊಂದು ವರ್ಷ ತೇಲಿ ಬಂದ ಆ ದೊಡ್ಡ ಹಡಗಿನಲ್ಲಿ. ಇಳಿದ ದಿನ ಹಿರಿಯರೆಲ್ಲ ಮಣ್ಣು ಮುಟ್ಟಿ ಅತ್ತರಂತೆ, ಥೇಟ್ ಭೂಮಿ ಕಣ್ರೀ ಇದು ಅಂದರಂತೆ. ತಪ್ಪೇನಿಲ್ಲ. ಗಾಳಿ ಉಸಿರಾಡಬಹುದು, ಬಿತ್ತಿದ್ದು ಬೆಳೆಯುತ್ತದೆ. ಹುಲ್ಲಿಗೆ ಸ್ವಲ್ಪ ನೀಲಿ, ಹಗಲು ಒಂದು ಗಂಟೆ ಉದ್ದ, ಮರಗಳಲ್ಲಿ ಹಕ್ಕಿಯಿಲ್ಲ, ಅಷ್ಟೇ. ಹಡಗಿನ ತಗಡು ಬಿಚ್ಚಿ ಮನೆಗೆ ಮಾಡು ಹೊದೆಸಿದರು, ಹಡಗಿನ ಹೊಟ್ಟೆಯಲ್ಲಿ ಶಾಲೆ ಮಾಡಿದರು, ಅಡುಗೆಮನೆಯನ್ನು ನೀರಿನ ಆಫೀಸು ಮಾಡಿದರು. ಬಾವಿ ತೋಡಿದರು. ಭೂಮಿಯಿಂದ ಒಂದು ಯಂತ್ರ ತಂದಿದ್ದರು. ಭೂಮಿಯ ವಿಷಗಳನ್ನೆಲ್ಲ ಹೆಸರು ಹಿಡಿದು ಕರೆಯುವಂಥದ್ದು. ನೀರನ್ನು ಅದಕ್ಕೆ ಕುಡಿಸಿದರು, ಹಸಿರು ದೀಪ ಹತ್ತಿತು. ಪಾಪ, ಅದು ತಾನೇ ಏನು ಮಾಡೀತು, ಈ ಊರಿನ ವಿಷದ ಪರಿಚಯ ಅದಕ್ಕಿರಲಿಲ್ಲ.

ನಾಲಿಗೆಯಮ್ಮ ಆಗ ಹನ್ನೆರಡರ ಹುಡುಗಿ, ಆಗ ತಾನೇ ಜ್ವರ ಬಿಟ್ಟಿತ್ತು. ಅಮ್ಮ ಲೋಟ ಕೊಟ್ಟಾಗ, ನೀರು ಕಹಿ ಎಂದಳು. ಅಮ್ಮ ಒಂದು ಗುಟುಕು ಕುಡಿದು ನೋಡಿದಳು. ಅವಳಿಗೆ ಏನೂ ಗೊತ್ತಾಗಲಿಲ್ಲ.

"ಜ್ವರ ಬಿಟ್ಟ ಬಾಯಿ ಹಾಗೇ ಇರುತ್ತೆ. ಕಹಿ ನೀರಲ್ಲಿಲ್ಲ, ನಿನ್ನ ಬಾಯಲ್ಲಿದೆ. ಕಣ್ಣು ಮುಚ್ಚಿ ಕುಡಿ."

ಹುಡುಗಿ ಕುಡಿದ ಹಾಗೆ ಮಾಡಿ ಹಾಸಿಗೆಯ ಹಿಂದೆ ಚೆಲ್ಲಿದಳು. ಎಲೆಗಳಲ್ಲಿ ಬಿದ್ದ ಇಬ್ಬನಿ ನೆಕ್ಕಿಕೊಂಡು, ಹಣ್ಣಿನ ರಸ ಹೀರಿಕೊಂಡು ದಿನ ತಳ್ಳಿದಳು. ಅಮ್ಮ ಕುಡಿದಳು. ಮೊದಲು ಅಮ್ಮನ ಕಿರುಬೆರಳು ಜೋಮು ಹಿಡಿಯಿತು. ಆಮೇಲೆ ಉಂಗುರ ಬೆರಳು, ಅಂಗೈ, ಮಣಿಕಟ್ಟು. ಮಣಿಕಟ್ಟು ದಾಟಿದ ಮೇಲೆ ಉಸಿರು. ಇಪ್ಪತ್ತು ದಿನದಲ್ಲಿ ಅಮ್ಮನೂ ಸೇರಿ ನಲವತ್ತೊಂದು ಜನ ಹೋದರು. ಅದಕ್ಕೆ ಕಹಿ ವರ್ಷ ಎಂದು ಹೆಸರಾಯಿತು.

ಕುದಿಸಿದರೂ ಹೋಗದ, ಸೋಸಿದರೂ ನಿಲ್ಲದ ಆ ಕಹಿ ಎಲ್ಲರ ನಾಲಿಗೆಗೂ ಸಿಗುವುದಿಲ್ಲ ಎಂದು ಆಮೇಲೆ ತಿಳಿಯಿತು. ನೂರಕ್ಕೆ ತೊಂಬತ್ತೊಂಬತ್ತು ಜನರಿಗೆ ಅದು ಸಪ್ಪೆ ನೀರು. ಇಡೀ ಊರನ್ನು ಸಾಲು ನಿಲ್ಲಿಸಿ ನೋಡಿದಾಗ ಆರು ಜನ ಸಿಕ್ಕಿದರು. ಆ ಆರರಲ್ಲಿ ಒಬ್ಬಳು ಇವಳು. ಅವತ್ತಿಂದ ಆರೂ ಜನಕ್ಕೆ ಪ್ರತಿ ಬೆಳಗ್ಗೆ ಇದೇ ಕೆಲಸ. ಬಾವಿಯ ಕೆಳಗೆ ಕಹಿಯ ಸೆಲೆ ಯಾವಾಗ ಎತ್ತ ತಿರುಗುತ್ತದೋ ಯಾರಿಗೂ ಗೊತ್ತಿಲ್ಲ. ವರ್ಷಾನುಗಟ್ಟಲೆ ತೆಪ್ಪಗಿದ್ದು ಒಂದು ದಿನ ತಲೆಹಾಕುತ್ತದೆ. ನಲವತ್ತಾರು ವರ್ಷದಲ್ಲಿ ನಾಲ್ಕು ಸಲ ಹಾಗಾಗಿತ್ತು, ನಾಲ್ಕು ಸಲವೂ ಅದು ನಾಲಿಗೆಗೆ ಸಿಕ್ಕಿಬಿದ್ದಿತ್ತು. ಆರು ಜನರಲ್ಲಿ ಒಬ್ಬಳು ಹೆರಿಗೆಯಲ್ಲಿ ಹೋದಳು, ಒಬ್ಬ ಹೊಗೆಸೊಪ್ಪಿಗೆ ಬಿದ್ದು ಬಾಯಿ ಕೆಡಿಸಿಕೊಂಡ, ಇನ್ನು ಮೂವರನ್ನು ವಯಸ್ಸು ತೆಗೆದುಕೊಂಡಿತು. ಮೂರು ವರ್ಷದಿಂದ ಇವಳೊಬ್ಬಳೇ.

ಇಂಥವಳನ್ನು ಕಟ್ಟಿಕೊಂಡ ಗಂಡ ಪೈಪು ಜೋಡಿಸುವ ಕೆಲಸದವನು. ಮಾತಿನ ಮಲ್ಲ. ಮದುವೆಯಾದ ಮಾರನೆಯ ದಿನ ಅವನಿಗೆ ಮನೆಯ ಕಾನೂನು ತಿಳಿಯಿತು: ಮೆಣಸಿನಕಾಯಿ ಹೊಸಿಲು ದಾಟುವಂತಿಲ್ಲ, ಉಪ್ಪು ಚಿಟಿಕೆ, ಹುಳಿ ಇಲ್ಲವೇ ಇಲ್ಲ. ನಾಲಿಗೆ ಮೊಂಡಾದರೆ ಊರಿಗೇ ಕುತ್ತು. ಮೂವತ್ತೆರಡು ವರ್ಷ ಬೇಯಿಸಿದ ಗೆಣಸು, ಬೇಯಿಸಿದ ಕಾಳು, ಬೇಯಿಸಿದ ಸೊಪ್ಪು ತಿಂದ ಪುಣ್ಯಾತ್ಮ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ, ನಮ್ಮನೇಲಿ ಎರಡನೇದು ಮಾತ್ರ ಸ್ಟಾಕಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಎದುರುಮನೆಯ ಟೈಲರಮ್ಮನ ಅಡುಗೆಮನೆಯಲ್ಲಿ ಸಂಜೆ ಸಂಜೆ ಅವನು ನಲ್ಲಿ ರಿಪೇರಿ ಮಾಡಲು ಹೋಗುವುದು ಯಾಕೆ, ಬರುವಾಗ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುವುದು ಯಾಕೆ ಎಂದು ಹೆಂಡತಿಗೆ ಗೊತ್ತಿರಲಿಲ್ಲವೇ? ಟೈಲರಮ್ಮನ ಖಾರದ ಚಟ್ನಿ ಬೀದಿಗೆಲ್ಲ ಘಮ್ಮೆನ್ನುತ್ತಿತ್ತು. ಹೋಗಲಿ ಪಾಪ ಎಂದು ಸುಮ್ಮನಿದ್ದಳು.

ಇವರಿಗೆ ಒಬ್ಬಳೇ ಮಗಳು. ಅವಳಿಗೆ ಹತ್ತು ತುಂಬಿದ ವರ್ಷ ನೀರಿನ ಆಫೀಸಿನವರು ಮಕ್ಕಳ ನಾಲಿಗೆ ಪರೀಕ್ಷೆ ಇಟ್ಟರು. ಕಹಿ ವರ್ಷದ ನೀರನ್ನು ಒಂದು ಜಾಡಿಯಲ್ಲಿ ಭದ್ರವಾಗಿ ಇಟ್ಟಿದ್ದಾರೆ. ಅದರ ಒಂದು ಹನಿಯನ್ನು ಒಂದು ಲೋಟ ಒಳ್ಳೆಯ ನೀರಿಗೆ ಹಾಕಿ ಕೊಡುತ್ತಾರೆ. ಒಂದು ಹನಿ ಏನೂ ಮಾಡುವುದಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಬಾಯಿಗೆ ಬರುವುದು ಒಂದು ಹನಿಯೋ ಒಂದು ಗುಟುಕೋ, ಅದನ್ನು ಯಾರೂ ಬರೆದು ಕೊಡುವುದಿಲ್ಲ.

ಪರೀಕ್ಷೆಯ ಹಿಂದಿನ ದಿನ ನಾಲಿಗೆಯಮ್ಮ ಆಫೀಸಿನಿಂದ ಅಂಥದೊಂದು ಲೋಟ ತಂದು ಮನೆಯಲ್ಲೇ ಮಗಳಿಗೆ ಕೊಟ್ಟಳು. ಮಗಳ ಮೂಗು ಮೊಲದ ಮೂಗಿನ ಹಾಗೆ ಮುದುರಿ ಚುರ್ ಅಂದಿತು. ಅಮ್ಮಾ, ಕಹಿ, ಎಂದಳು. ಈ ಮಗು ಪ್ರತಿ ಬೆಳಗ್ಗೆ ಏಳು ಸಲ ಸಾವನ್ನು ಬಾಯಲ್ಲಿಟ್ಟುಕೊಂಡು ಎಣಿಸುವುದೇ? ತನ್ನ ಹಾಗೆ? ಹೆತ್ತವಳಾಗಿ ಇದಕ್ಕೆ ಇವಳನ್ನು ಕೊಡುವುದೇ? ಆಗದು. ಲೋಟ ಕಿತ್ತುಕೊಂಡು ಚೆಲ್ಲಿದಳು.

"ನೀರಲ್ಲಿ ಏನೂ ಇಲ್ಲ ಪುಟ್ಟಿ. ನಿನ್ನ ಬಾಯೇ ಹಾಗೆ, ಸುಮ್ಮಸುಮ್ಮನೆ ಕಹಿ ಆಗುತ್ತೆ. ನಾಳೆ ಕೇಳಿದ್ರೆ ಸಪ್ಪೆ ಅನ್ನು. ಕಹಿ ಅಂದ್ರೆ ಎಲ್ರೂ ನಗ್ತಾರೆ."

ಮಾರನೆಯ ದಿನ ಮಗಳು ಸಪ್ಪೆ ಅಂದಳು. ತಾಯಿ ಹಿಂದೆ ನಿಂತು ಅವಳ ಭುಜ ಹಿಡಿದಿದ್ದಳು. ಆ ವರ್ಷ ನೂರ ಹನ್ನೆರಡು ಮಕ್ಕಳಲ್ಲಿ ಒಂದು ನಾಲಿಗೆಯೂ ಸಿಗಲಿಲ್ಲ. ಈ ಮಣ್ಣಲ್ಲಿ ಹುಟ್ಟಿದವರಿಗೆ ಆ ನಾಲಿಗೆ ಬರುವುದಿಲ್ಲ ಎಂದು ಆಫೀಸಿನವರು ತೀರ್ಮಾನ ಮಾಡಿ ಪರೀಕ್ಷೆಯನ್ನೇ ನಿಲ್ಲಿಸಿದರು. ನಾಲಿಗೆಯಮ್ಮನಿದ್ದಾಳಲ್ಲ, ಗಟ್ಟಿ ಜೀವ, ಇನ್ನೇನು ಚಿಂತೆ!

ಹದಿನೆಂಟು ವರ್ಷ ಚಿಂತೆಯಿರಲಿಲ್ಲ.

ಆಮೇಲೆ ಊರಿಗೆ ಒಂದು ಜ್ವರ ಬಂತು, ಎಲ್ಲರಿಗೂ ಎರಡು ದಿನ ಕಾಯಿಸಿ ಬಿಟ್ಟಿತು. ನಾಲಿಗೆಯಮ್ಮನಿಗೂ ಬಂತು. ಜ್ವರದಲ್ಲೂ ಕಂಬಳಿ ಹೊದ್ದುಕೊಂಡು ಬಾವಿಗೆ ಹೋಗಿ ಬಂದಳು; ನಲವತ್ತಾರು ವರ್ಷದಲ್ಲಿ ಒಂದು ದಿನ ತಪ್ಪಿಸಿದವಳಲ್ಲ ಎಂಬ ಹಮ್ಮು ಬೇರೆ. ಮೂರನೆಯ ದಿನ ಜ್ವರ ಬಿಟ್ಟಿತ್ತು. ಡಾಕ್ಟರಮ್ಮ ಕೊಟ್ಟ ಮಾತ್ರೆ ಗಂಟಲಿಗಿಳಿಯದೆ ನಾಲಿಗೆಯ ಮೇಲೆ ಒಡೆದು ಕರಗಿತು. ಊರಿನ ಮಕ್ಕಳು ಹೆಸರು ಕೇಳಿದರೇ ಓಡಿಹೋಗುವಂಥ ಮಾತ್ರೆ ಅದು. ಅವಳಿಗೆ ಸೀಮೆಸುಣ್ಣ ತಿಂದ ಹಾಗಾಯಿತು. ಇನ್ನೊಂದು ಮಾತ್ರೆ ಬಾಯಿಗೆ ಹಾಕಿ ಅಗಿದಳು. ಮತ್ತೊಂದು. ಆ ಬೆಳಗ್ಗೆ ಏಳು ಗೀಟು ಎಳೆದು ಬಂದಿದ್ದಳು. ಏಳೂ ಬಾವಿಯ ನೀರು ಆಗಲೇ ಊರಿನ ಹೊಟ್ಟೆಯಲ್ಲಿತ್ತು.

ಹೇಳಿಬಿಡಬೇಕಿತ್ತು. ಅದೇ ಕ್ಷಣ ಓಡಿಹೋಗಿ ಹೇಳಬೇಕಿತ್ತು. ಆದರೆ ಹೇಳಿದರೆ ಏನಾಗುತ್ತದೆ? ಬಾವಿಗಳೆಲ್ಲ ಮುಚ್ಚುತ್ತವೆ. ತೊಟ್ಟಿಯಲ್ಲಿ ಮೂರು ದಿನದ ನೀರಿದೆ. ಆಮೇಲೆ ಇನ್ನೊಂದು ನಾಲಿಗೆ ಎಲ್ಲಿ ಎಂದು ಮನೆಮನೆ ಹುಡುಕುತ್ತಾರೆ. ಎಲ್ಲಿದೆ ಎಂದು ಗೊತ್ತಿರುವುದು ಅವಳೊಬ್ಬಳಿಗೇ. ಮಗಳಿಗೆ ಆಗ ಏಳು ತಿಂಗಳು. ಮದುವೆಯಾಗಿ ಎಂಟು ವರ್ಷದ ಮೇಲೆ ನಿಂತ ಬಸಿರು. ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು ಅವಳ ಸ್ಥಿತಿ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಜ್ವರದ ಬಾಯಿ, ಎರಡು ದಿನದಲ್ಲಿ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಒಂಬತ್ತು ವರ್ಷದಿಂದ ಸೆಲೆ ತಿರುಗಿಲ್ಲ, ಈ ಎರಡು ದಿನದಲ್ಲೇ ತಿರುಗುತ್ತದೆಯೇ? ಮಾರನೆಯ ದಿನ ಬಾಯಿಗೆ ನೀರು ಹಾಕಿಕೊಂಡು ಮೂವತ್ತು ಎಣಿಸಿದಳು. ಕಲ್ಲಿನ ಬಾಯಿಗೆ ನೀರು ಹಾಕಿದ ಹಾಗಿತ್ತು. ಸಾಲು ನೋಡುತ್ತಿತ್ತು. ಸೀಮೆಸುಣ್ಣ ತೆಗೆದು ಗೀಟು ಎಳೆದಳು. ಗೀಟು ಸೊಟ್ಟಗಾಯಿತು. ಯಾರೂ ಗಮನಿಸಲಿಲ್ಲ, ಗೀಟು ನೆಟ್ಟಗಿದೆಯೋ ಸೊಟ್ಟಗಿದೆಯೋ ಯಾರಿಗೆ ಬೇಕು.

ಎರಡು ದಿನ ನಾಲ್ಕಾಯಿತು, ನಾಲ್ಕು ಹತ್ತಾಯಿತು. ಊಟ ಸೇರದು. ಬೀದಿಯಲ್ಲಿ ಯಾರಾದರೂ ಬೆರಳು ನೆಟಿಕೆ ತೆಗೆದರೆ ಇವಳ ಜೀವ ಬಾಯಿಗೆ ಬರುತ್ತಿತ್ತು. ಅಂಗಡಿಯವನ ಕೈಯಿಂದ ಪೊಟ್ಟಣ ಜಾರಿದರೆ, ಯಾಕಪ್ಪಾ, ಬೆರಳು ಜೋಮಾ ಎಂದು ಕೇಳಿಬಿಡುತ್ತಿದ್ದಳು. ಅವನು ನಗುತ್ತಿದ್ದ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುವ ಹಾಗೆ ಒಂದು ದಿನ ಏಳು ಬಾವಿಯ ನೀರನ್ನು ಏಳು ಸಣ್ಣ ಬಾಟಲಿಗಳಲ್ಲಿ ತಂದು ಗಂಡನ ಮುಂದಿಟ್ಟು, ಸುಮ್ಮನೆ ರುಚಿ ನೋಡಿ ಹೇಳಿ ಎಂದಳು. ಅವನು ಒಂದೊಂದನ್ನೂ ಗಟಗಟ ಕುಡಿದು, ಏಳೂ ನಿನ್ನ ಅಡುಗೆಗಿಂತ ರುಚಿಯಾಗಿವೆ ಎಂದ. ಅವಳು ನಗಲಿಲ್ಲ. ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಅವನಿಗೂ ಸ್ವಲ್ಪ ದಿಗಿಲಾಯಿತು. ಏನಾಯಿತೇ ನಿನಗೆ ಎಂದು ಮೆಲ್ಲಗೆ ಕೇಳಿದ. ಏನೂ ಇಲ್ಲ ಎಂದು ಬಾಟಲಿ ಎತ್ತಿಕೊಂಡು ಹೋದಳು. ಅವನ ಬಾಯಿಗೆ ಆ ಕಹಿ ಸಿಗುವುದಿಲ್ಲ ಎಂದು ಅವಳಿಗೇನು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಅವನು ಸರಿಯಾಗಿದೆ ಅಂದಾಗ ಒಂದು ಗಳಿಗೆ ನೆಮ್ಮದಿಯಾಯಿತು ನೋಡಿ, ಮನುಷ್ಯ ಬುದ್ಧಿ.

ಹದಿನೆಂಟನೆಯ ದಿನ ಮಧ್ಯಾಹ್ನ ಮಗಳು ಬಂದಳು. ಅವಳ ಮನೆ ಇಟ್ಟಿಗೆ ಭಟ್ಟಿಯ ಕಡೆ, ನಾಲ್ಕನೆಯ ಬಾವಿಯ ನೀರು ಹೋಗುವ ಬೀದಿಯಲ್ಲಿ. ಅಳಿಯನಿಗೆ ಭಟ್ಟಿಯಲ್ಲೇ ಕೆಲಸ. ಮದುವೆಯಾಗಿ ಹೋದರೂ ಅವಳಿಗೆ ಖಾರ ಹಿಡಿಸಲಿಲ್ಲ, ಗಂಡನಿಗೆ ಬೇರೆ, ತನಗೆ ಬೇರೆ ಬೇಯಿಸಿಕೊಳ್ಳುತ್ತಿದ್ದಳು. ಬಂದವಳೇ ಉಸ್ಸಪ್ಪಾ ಎಂದು ಗೋಡೆಗೊರಗಿ ಕಾಲು ಚಾಚಿದಳು. ತಾಯಿ ಗೆಣಸು ಬೇಯಿಸಿ ಕೊಟ್ಟರೆ ಒಂದು ತುಂಡು ತಿಂದು ತಟ್ಟೆ ಸರಿಸಿದಳು. ಐದಾರು ದಿನದಿಂದ ಬಾಯೆಲ್ಲ ಕಹಿ, ಏನೂ ಸೇರೋದಿಲ್ಲ ಎಂದಳು.

ತಾಯಿ ಪಾತ್ರೆ ತೊಳೆಯುತ್ತ, ಬಸುರಿ ಬಾಯಿ ಹಾಗೇ ಇರುತ್ತೆ ಕಣೇ, ನಂಗೂ ಹಾಗೇ ಆಗಿತ್ತು ಎಂದಳು. ತಂದೆ ಒಳಗಿನಿಂದ, ನಿಮ್ಮಮ್ಮನ ಅಡುಗೆ ತಿಂದು ಬೆಳೆದ ಬಾಯಿ, ಕಹಿಯಾದ್ರೂ ಒಂದು ರುಚಿ ಬಂತಲ್ಲ ಸಂತೋಷಪಡು ಎಂದ. ಮಗಳು ನಕ್ಕಳು. ತಾಯಿಯೂ ನಕ್ಕಳು. ಕೈಯಲ್ಲಿದ್ದ ಲೋಟವನ್ನು ಇನ್ನೊಂದು ಸಲ ಉಜ್ಜಿದಳು. ಉಜ್ಜುತ್ತಿದ್ದ ಕೈ ನಿಂತಿತು.

ಜ್ವರ ಬಿಟ್ಟ ಬಾಯಿ ಹಾಗೇ ಇರುತ್ತೆ. ಈ ಮಾತನ್ನು ಅವಳು ಎಲ್ಲಿ ಕೇಳಿದ್ದಳು, ಯಾರಿಂದ ಕೇಳಿದ್ದಳು, ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂತು. ಹಾಸಿಗೆ, ಲೋಟ, ಅಮ್ಮನ ಕೈ. ಆ ಅಮ್ಮನಿಗೆ ತಿಳಿದಿರಲಿಲ್ಲ, ಪಾಪ, ಹೇಳಿದಳು. ತನಗೆ ತಿಳಿದಿತ್ತು. ಊರಿನಲ್ಲಿ ಮತ್ತೆ ಯಾರಿಗೂ ಗೊತ್ತಿಲ್ಲದ್ದು ತನಗೆ ಗೊತ್ತಿತ್ತು. ಮಗಳ ನಾಲಿಗೆ ಸುಳ್ಳಾಡುವುದಿಲ್ಲ ಎಂದು ಗೊತ್ತಿದ್ದೂ ಈಗ ತಾನೇ ನಕ್ಕಿದ್ದಳು.

ಎರಡು ಲೋಟ ತೆಗೆದುಕೊಂಡಳು. ಒಂದಕ್ಕೆ ತನ್ನ ಮನೆಯ ಎರಡನೆಯ ಬಾವಿಯ ನೀರು. ಇನ್ನೊಂದಕ್ಕೆ ಮಗಳು ದಾರಿಗೆಂದು ತಂದಿದ್ದ ಬಾಟಲಿಯ ನೀರು. ಮಗಳ ಮುಂದೆ ಕೂತು, ಬರೀ ನಾಲಿಗೆಗೆ ತಾಗಿಸು, ನುಂಗಬೇಡ, ಎಂದಳು. ದನಿ ಅವಳದೇ ಎನ್ನಿಸಲಿಲ್ಲ. ಮಗಳು ಮೊದಲನೆಯದಕ್ಕೆ ಸುಮ್ಮನಿದ್ದಳು. ಎರಡನೆಯದಕ್ಕೆ ಅವಳ ಮೂಗು ಚುರ್ ಅಂದಿತು, ಹತ್ತು ವರ್ಷದ ಹುಡುಗಿಯ ಮೂಗು ಹೇಗೋ ಹಾಗೆಯೇ.

"ಇದು ಕುಡಿದ್ರೆ ಬಾಯಿ ಕಹಿ ಆಗುತ್ತೆ. ಅದು ಕುಡಿದ್ರೆ ಆಗಲ್ಲ. ಅಮ್ಮ, ನನ್ನ ಬಾಯೇ ಹಾಗೆ ಅಂದಿದ್ದೆಯಲ್ಲ?"

ತಾಯಿ ಮಗಳ ಎಡಗೈ ಎಳೆದುಕೊಂಡು ಕಿರುಬೆರಳು ಚಿವುಟಿದಳು. ಮಗಳು ಸುಮ್ಮನೆ ನೋಡುತ್ತಿದ್ದಳು. ಉಗುರು ಊರಿ ಇನ್ನೊಂದು ಸಲ ಚಿವುಟಿದಳು. ಇದು ಮೊನ್ನೆಯಿಂದ ಸ್ವಲ್ಪ ಜೋಮು, ಹೊಟ್ಟೆ ಭಾರಕ್ಕೆ ಇರಬೇಕು ಎಂದಳು ಮಗಳು.

ನಾಲಿಗೆಯಮ್ಮ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಐವತ್ತೆಂಟರ ಹೆಂಗಸು ಬೀದಿಯಲ್ಲಿ ಓಡುವುದನ್ನು ಕಂಡ ಜನ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಯಾರೂ ಏನೂ ಹೇಳಿರಲಿಲ್ಲ, ಸುಮ್ಮನೆ ಇಟ್ಟರು. ನೀರಿನ ಆಫೀಸಿನಲ್ಲಿ ಸಾಹೇಬರು ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದರು. ನಾಲ್ಕನೇ ಬಾವಿ ಮುಚ್ಚಿಸಿ ಎಂದಳು. ಅವರು ಯಾಕೆ, ಏನು ಎಂದು ಕೇಳಲಿಲ್ಲ. ಎಂಜಲು ಕೈಯಲ್ಲೇ ಸೈರನ್ ಒತ್ತಿದರು. ಅಷ್ಟು ನಂಬಿಕೆ ಅವಳ ಮೇಲೆ. ಕಾಲು ಗಂಟೆಯಲ್ಲಿ ಬಾವಿಯ ಬಾಯಿಗೆ ಬೀಗ ಬಿತ್ತು, ಭಟ್ಟಿ ಬೀದಿಯ ಕೊಡಗಳೆಲ್ಲ ಬೋರಲಾದವು, ಡಾಕ್ಟರಮ್ಮ ಮನೆಮನೆ ಬೆರಳು ಚಿವುಟಲು ಹೊರಟರು.

ಸಾಹೇಬರು ವಾಪಸು ಬಂದು ಬೆವರು ಒರೆಸಿಕೊಂಡು, ನೀವಿಲ್ಲದಿದ್ದರೆ ನಮ್ಮ ಗತಿ ಏನಮ್ಮಾ ಎಂದು ಕೈಮುಗಿದರು. ಆಮೇಲೆ, ಉಳಿದ ಆರೂ ಸರಿಯಾಗಿವೆ ತಾನೇ ಎಂದು ಕೇಳಿದರು.

ಹೂಂ ಅಂದರೆ ಮುಗಿಯುತ್ತಿತ್ತು. ನಾಲ್ಕನೆಯದನ್ನು ತಾನೇ ಹಿಡಿದೆ ಎಂದು ಊರು ತಲೆಯ ಮೇಲೆ ಹೊತ್ತುಕೊಂಡು ಮೆರೆಸುತ್ತಿತ್ತು. ಮಗಳ ವಿಷಯ ಯಾರಿಗೂ ತಿಳಿಯುತ್ತಿರಲಿಲ್ಲ. ಹೊರಗೆ ಕಿಟಕಿಯ ತನಕ ಜನ ತುಂಬಿದ್ದರು, ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡವರು, ಬಾಣಲೆ ಕೈಯಲ್ಲೇ ಹಿಡಿದು ಬಂದವರು. ಗಂಡ ಮಗಳ ಕೈಹಿಡಿದು ನಿಧಾನವಾಗಿ ನಡೆಸಿಕೊಂಡು ಬರುತ್ತಿರುವುದು ಕಾಣಿಸಿತು. ಸೆರಗಿನ ಗಂಟು ಬಿಚ್ಚಿ ಸೀಮೆಸುಣ್ಣ ತೆಗೆದು ಸಾಹೇಬರ ಊಟದ ಡಬ್ಬಿಯ ಪಕ್ಕ ಇಟ್ಟಳು.

"ನನ್ನ ನಾಲಿಗೆ ಸತ್ತು ಹದಿನೆಂಟು ದಿನ ಆಯ್ತು. ಆರು ಬಾವಿ ವಿಷಯ ನಂಗೆ ಗೊತ್ತಿಲ್ಲ. ಇನ್ನೊಂದು ನಾಲಿಗೆ ಇದೆ. ಹದಿನೆಂಟು ವರ್ಷದಿಂದ ನಾನೇ ಬಚ್ಚಿಟ್ಟಿದ್ದೆ."

ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಸಾಹೇಬರು ಬಾಗಿಲ ಕಡೆ ತಿರುಗಿ ಮಗಳನ್ನೂ ಅವಳ ಹೊಟ್ಟೆಯನ್ನೂ ನೋಡಿದರು, ತಲೆ ತಗ್ಗಿಸಿದರು. ಆ ಮಧ್ಯಾಹ್ನವೇ ಆರು ಲೋಟ ಬಂದವು. ಮಗಳು ಒಂದೊಂದನ್ನೂ ಬಾಯಿಗೆ ಹಾಕಿಕೊಂಡಳು. ತಾಯಿ ಬೋಗುಣಿ ಹಿಡಿದು, ಉಗಿ, ಪೂರ್ತಿ ಉಗಿ, ಇನ್ನೊಂದು ಸಲ ಉಗಿ ಎನ್ನುತ್ತಿದ್ದಳು. ಆರೂ ಸಿಹಿ.

ಭಟ್ಟಿ ಬೀದಿಯಲ್ಲಿ ಹನ್ನೊಂದು ಜನರ ಬೆರಳು ಜೋಮು ಹಿಡಿದಿತ್ತು. ಇಟ್ಟಿಗೆ ಹೊತ್ತು ಹೊತ್ತು ಹಾಗಾಗಿದೆ ಅಂದುಕೊಂಡಿದ್ದರಂತೆ. ಮಣಿಕಟ್ಟು ದಾಟಿದ್ದು ಭಟ್ಟಿಯ ಕಾವಲಿನ ಮುದುಕನೊಬ್ಬನಿಗೆ ಮಾತ್ರ. ಜೀವ ಉಳಿಯಿತು, ಅಂಗಿಗೆ ಗುಂಡಿ ಹಾಕಿಕೊಳ್ಳಲು ಈಗಲೂ ಆಗುವುದಿಲ್ಲ. ಮಗಳ ಕಿರುಬೆರಳಿಗೆ ಹತ್ತು ದಿನದಲ್ಲಿ ನೋವು ತಿಳಿಯತೊಡಗಿತು. ಆದರೆ ಹೊಟ್ಟೆಯೊಳಗಿನದಕ್ಕೆ ಏನಾಗಿದೆ ಎಂದು ಡಾಕ್ಟರಮ್ಮನಿಗೂ ಹೇಳಲು ಬರಲಿಲ್ಲ. ಕಹಿ ವರ್ಷದಲ್ಲಿ ಬಸುರಿಯರು ಯಾರೂ ಇರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಿಲ್ಲ, ಹುಟ್ಟಿದ ಮೇಲೇ ನೋಡಬೇಕು ಎಂದರು. ಒದೆಯುತ್ತಿದೆ, ಅದೊಂದು ಒಳ್ಳೆಯದು ಎಂದರು.

ಅವತ್ತಿಂದ ಬೆಳಗ್ಗೆ ಮಗಳು ಬಾವಿಯಿಂದ ಬಾವಿಗೆ ನಡೆಯುತ್ತಾಳೆ, ಒಂದು ಕೈ ಸೊಂಟದ ಮೇಲೆ. ತಾಯಿ ಹಿಂದೆ ಬೋಗುಣಿ ಹಿಡಿದು ನಡೆಯುತ್ತಾಳೆ. ಮೂವತ್ತು ಎಣಿಸುವುದು ಈಗ ತಾಯಿಯ ಕೆಲಸ. ತನ್ನ ಬಾಯಿಯಲ್ಲಿ ನೀರಿದ್ದಾಗ ಅದು ಇಷ್ಟು ಉದ್ದ ಇರಲಿಲ್ಲ. ಮಗಳು ಒಂದು ದಿನ ಐದನೆಯ ಬಾವಿಯ ಹತ್ತಿರ, ನನ್ನ ಬೆರಳು ಚಿವುಟಿದ್ರೆ ನಾನು ಹೇಳ್ತೀನಿ, ಒಳಗಿರೋದನ್ನ ಯಾರಮ್ಮ ಕೇಳೋದು ಎಂದಳು. ಕೋಪದಿಂದ ಅಂದದ್ದಲ್ಲ. ಹದಿನೆಂಟು ವರ್ಷದ ಹಿಂದಿನ ಸುಳ್ಳಿನ ಬಗ್ಗೆ ಅವಳು ಒಂದೇ ಒಂದು ಮಾತು ಆಡಿಲ್ಲ. ಸಾಲಿನಲ್ಲಿ ನಿಂತವರು ಮಗಳಿಗೆ ನಮಸ್ಕಾರ ಹೇಳುತ್ತಾರೆ, ತಾಯಿಯನ್ನು ನೋಡದ ಹಾಗೆ ಇರುತ್ತಾರೆ. ಎದುರುಮನೆಯ ಟೈಲರಮ್ಮ ಅಂತೂ ಬಾಗಿಲು ಹಾಕಿಕೊಂಡುಬಿಟ್ಟಿದ್ದಾಳೆ. ಗಂಡ ಚಟ್ನಿಯ ಸುದ್ದಿಯೆತ್ತದೆ ಬೇಯಿಸಿದ ಗೆಣಸು ತಿನ್ನುತ್ತಾನೆ.

ಮೂರು ವಾರದ ಮೇಲೆ ಆಫೀಸಿನವರು ಮಕ್ಕಳ ಪರೀಕ್ಷೆಯನ್ನು ಮತ್ತೆ ಇಟ್ಟರು. ಇನ್ನೊಂದು ನಾಲಿಗೆ ಸಿಕ್ಕಿದರೆ ಮಗಳಿಗೆ ಹೆರಿಗೆಯ ತನಕವಾದರೂ ಬಿಡುವು, ಇಲ್ಲದಿದ್ದರೆ ನೋವು ಬರುವ ದಿನದವರೆಗೂ ಅವಳೇ. ಶಾಲೆಯ ಹಜಾರದಲ್ಲಿ ಎಂಟರಿಂದ ಹನ್ನೆರಡು ವರ್ಷದ ಮಕ್ಕಳು ಸಾಲು ನಿಂತರು, ಪ್ರತಿಯೊಂದರ ಹಿಂದೆ ಮನೆಯವರೊಬ್ಬರು. ಲೋಟ ತುಂಬಿ ಕೊಡುವ ಕೆಲಸ ನಾಲಿಗೆಯಮ್ಮನದು. ಪಕ್ಕದಲ್ಲಿ ಸಾಹೇಬರು ಹೆಸರು ಬರೆದುಕೊಳ್ಳುತ್ತಿದ್ದರು. ಸಪ್ಪೆ, ಎಂದಿತು ಮೊದಲನೆಯದು. ಸಪ್ಪೆ. ಸಪ್ಪೆ. ಮೂವತ್ತು ಮಕ್ಕಳು ಸಪ್ಪೆ ಎಂದು ಹೋದವು. ಹಿಂದಿನವರು ಉಸಿರು ಬಿಟ್ಟು ಮಕ್ಕಳನ್ನು ಎಳೆದುಕೊಂಡು ಹೋಗುತ್ತಿದ್ದರು.

ಮೂವತ್ತೊಂದನೆಯದು ಟೈಲರಮ್ಮನ ಮೊಮ್ಮಗಳು. ಒಂಬತ್ತು ವರ್ಷ. ಬಾಯಿಗೆ ಹಾಕಿಕೊಂಡಳು, ಮೂಗು ಚುರ್ ಅಂದಿತು. ಒಂದು ಗಳಿಗೆ, ಅಷ್ಟೇ. ಆಮೇಲೆ ಸಪ್ಪೆ ಎಂದಳು. ಸಾಹೇಬರು ತಲೆ ಎತ್ತಲೂ ಇಲ್ಲ, ಬರೆದುಕೊಂಡರು.

ನಾಲಿಗೆಯಮ್ಮ ಮಾತ್ರ ನೋಡಿದಳು. ಹುಡುಗಿಯ ಭುಜದ ಮೇಲಿನ ಕೈಯನ್ನೂ ನೋಡಿದಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಆ ಬೆರಳುಗಳು ಅಂಗಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದವು ಅಂದರೆ ಬಟ್ಟೆ ಮುದುರಿಹೋಗಿತ್ತು. ಟೈಲರಮ್ಮನ ಕಣ್ಣು ಇವಳ ಕಣ್ಣಿಗೆ ಸಿಕ್ಕಿತು. ತುಟಿ ಅಲ್ಲಾಡಲಿಲ್ಲ. ಬೇಡ ಎಂದು ಅವಳು ಹೇಗೆ ಬೇಡಿಕೊಳ್ಳುತ್ತಿದ್ದಳು ಎಂದು ನಾಲಿಗೆಯಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಾಗಿಲ ಬಳಿ ಕುರ್ಚಿಯಲ್ಲಿ ಮಗಳು ಕೂತಿದ್ದಳು, ಕೈ ಹೊಟ್ಟೆಯ ಮೇಲೆ. ಮುಂದಿನ ಮಗು ಆಗಲೇ ಲೋಟಕ್ಕೆ ಕೈ ಚಾಚಿತ್ತು.

ನಾಲಿಗೆಯಮ್ಮ ಜಗ್ಗನ್ನು ಮೇಜಿನ ಮೇಲಿಟ್ಟಳು. ಹುಡುಗಿಯ ಮುಂದೆ ನೆಲದ ಮೇಲೆ ಕೂತಳು, ಮಂಡಿ ಲಟಕ್ ಅಂದಿತು. ಭುಜದ ಮೇಲಿದ್ದ ಟೈಲರಮ್ಮನ ಕೈಯ ಮೇಲೆ ತನ್ನ ಕೈ ಇಟ್ಟಳು.

"ನಾನೂ ಹೀಗೇ ಹಿಡ್ಕೊಂಡಿದ್ದೆ ಕಣಮ್ಮ," ಎಂದಳು.

ಆಮೇಲೆ ಹುಡುಗಿಯ ಕಡೆ ತಿರುಗಿದಳು. ತನ್ನನ್ನು ಅಮ್ಮ ಕೇಳಬೇಕಾಗಿದ್ದನ್ನು, ತಾನು ಮಗಳನ್ನು ಕೇಳಬೇಕಾಗಿದ್ದನ್ನು ಕೇಳಿದಳು.

"ಹೆದರಬೇಡ ಮಗು. ಯಾರೂ ನಗಲ್ಲ. ಬಾಯಿ ಕಹಿನೋ, ನೀರು ಕಹಿನೋ?"

ಹುಡುಗಿ ಅಜ್ಜಿಯನ್ನು ನೋಡಿದಳು. ಲೋಟವನ್ನು ಇನ್ನೊಂದು ಸಲ ನೋ‍ಡಿ, "ನೀರು," ಎಂದಳು.